ಒಂದು ಸಣ್ಣ ಅನುಮಾನ

ಗಣಿತ ವಿಭಾಗದಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಅದು ವಾರಿಜಳಿಗೆ ಸಿಗುವುದೂ ಬಿಡುವುದೂ ಅವಳ ಇವತ್ತಿನ ಉಪನ್ಯಾಸದ ಮೇಲೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಭುಜಂಗ ಕೂತಿರುವುದನ್ನು ಕಂಡು ಅವಳಿಗೆ ಧೈರ್ಯ ಬಂತು. ಈ ವಿದ್ಯೆಯನ್ನು ಅವನಿಗೆ ಮೊದಲಿನಿಂದ ಹೇಳಿಕೊಟ್ಟವಳು ಅವಳೇ. ಅವಳ ಪ್ರಮೇಯವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಓದಿ, "ಕೂದಲೆಳೆಯಷ್ಟೂ ತಪ್ಪಿಲ್ಲ ಅಕ್ಕಾ, ಧೈರ್ಯವಾಗಿ ಹೇಳು" ಎಂದವನು ಅವನು.

"ಈ ಮೇಲ್ಮೈಯಲ್ಲಿ ಕೊನೆಯಿಲ್ಲದೆ ಹರಿಯುವ ವಕ್ರರೇಖೆ ಯಾವುದೇ ಇರಲಿ, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಈ ಅವಕಲ ಸಮೀಕರಣಕ್ಕೆ ಕಟ್ಟುಬಿದ್ದೇ ಇರುತ್ತದೆ," ಎಂದು ಅವಳು ಬೋರ್ಡಿನಿಂದ ತಿರುಗಿದಳು.

ಭುಜಂಗ ಎದ್ದು ನಿಂತ. "ಅಕ್ಕಾ, ಒಂದು ಸಣ್ಣ ಅನುಮಾನ. ಅಗೋ, ಆ ಮೂಲೆಯ ಬಿಂದುವಿನಲ್ಲಿ ಸಮೀಕರಣವೇ ಸೊನ್ನೆಯಾಗಿ ಹೋಗುತ್ತಲ್ಲ? ಗೂಟವೇ ಇಲ್ಲದ ಮೇಲೆ ಎಮ್ಮೆ ನಿಲ್ಲುತ್ತಾ?"

ಹಿಂದೆ ಯಾರೋ ನಕ್ಕರು. ವಾರಿಜ ಬೋರ್ಡು ನೋಡಿದಳು. ಅವನು ಹೇಳಿದ್ದು ನಿಜ. ಸೀಮೆಸುಣ್ಣ ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಇಷ್ಟು ದಿನ ಕಾಣದ್ದು ಈಗ ಹೊಳೀತೇನೋ?"

"ಈಗಷ್ಟೇ ಅಕ್ಕಾ, ನಿನ್ನಾಣೆ."

"ಹೋಗಲಿ ಬಿಡು. ಸಂಜೆ ಇಬ್ಬರೂ ಕೂತು ಸರಿಮಾಡೋಣ."

"ಸಂಜೆವರೆಗೂ ಯಾಕಕ್ಕಾ?" ಎಂದ ಭುಜಂಗ ಚೀಲ ತೆರೆದು, ತನ್ನೊಬ್ಬನ ಹೆಸರಿನಲ್ಲಿ ಅಚ್ಚು ಹಾಕಿಸಿ ತಂದಿದ್ದ, ಸರಿಪಡಿಸಿದ ಪ್ರಮೇಯದ ಪ್ರತಿಗಳನ್ನು ಸಾಲುಸಾಲಿಗೂ ಹಂಚತೊಡಗಿದ.