ನಾಲ್ಕನೆಯ ಸಾಲು

"ಹಂಗಾದ್ರೆ ನಾಲ್ಕನೇ ಸಾಲಲ್ಲಿ ಏನಿದ್ದೀತು?"

ಸೌಹಾನ್ ಕೇಳಿದ್ದು ಯಾರನ್ನೂ ಅಲ್ಲ. ಬಾರಿನ ಹಿಂದಿನ ಕೋಣೆಯಲ್ಲಿ ಅವಳ ಮಾತಿಗೆ ಕಿವಿಗೊಡಲು ಇದ್ದದ್ದು ಗೋಡೆಯುದ್ದಕ್ಕೂ ನಿಂತ ಬಾಟಲಿಗಳು ಮಾತ್ರ. ಒಂದೊಂದರ ಕೊರಳಿಗೂ ಒಡೆಯನ ಹೆಸರಿನ ಚೀಟಿ. ಗಿರಾಕಿ ಅರ್ಧ ಕುಡಿದು ಬಿಟ್ಟುಹೋದದ್ದನ್ನು ಅವನು ಮರಳಿ ಬರುವ ತನಕ ಕಾಯುವುದು, ಮಕಾವಿನ ಈ ಕ್ಯಾಸಿನೊದಲ್ಲಿ ಹದಿನಾಲ್ಕು ವರ್ಷದಿಂದ ಅವಳ ಕೆಲಸ. ತೊಂಬತ್ತು ದಿನ ಯಾರೂ ಮುಟ್ಟದಿದ್ದರೆ ಚೆಲ್ಲಬೇಕು. ಒಂದು ಗುಟುಕು ಬಗ್ಗಿಸಿದರೂ ಸಾಕು, ಚೀಟಿಗೆ ಹೊಸ ತಾರೀಕು ಬಿದ್ದು ಮತ್ತೆ ತೊಂಬತ್ತು ದಿನದ ಆಯುಸ್ಸು.

ಕ್ವಾನ್ ಅವರ ವಿಸ್ಕಿಗೆ ಇವತ್ತು ಎಂಬತ್ತೊಂಬತ್ತನೆಯ ದಿನ. ತಿಂಗಳಿಗೊಮ್ಮೆ ಹಾಂಗ್‌ಕಾಂಗಿನಿಂದ ಬಂದು, ಮೂಲೆಯ ಕುರ್ಚಿ ಹಿಡಿದು, ಒಂದೇ ಲೋಟವನ್ನು ಮೂರು ಗಂಟೆ ಹೀರುತ್ತಿದ್ದ ಮನುಷ್ಯ. ಹಳ್ಳಿಯ ಮೇಷ್ಟರಾಗಿದ್ದ ಅಜ್ಜ ಕಟ್ಟಿದ ಪದ್ಯಗಳು ಅವರ ಬಾಯಲ್ಲಿದ್ದವು. ಒಂದೊಂದೂ ನಾಲ್ಕೇ ಸಾಲು, ಯಾವ ಪುಸ್ತಕದಲ್ಲೂ ಇಲ್ಲ. ಬಾಟಲಿ ತಂದಿಟ್ಟ ಸೌಹಾನಳಿಗೆ ಸಲಕ್ಕೊಂದು ಪದ್ಯ. ಕೊನೆಯ ಸಲ ಮೂರು ಸಾಲು ಹೇಳಿ ಎದ್ದುಬಿಟ್ಟಿದ್ದರು. "ನಾಲ್ಕನೇದು ಮುಂದಿನ ಸಲ. ಬಾಟಲಿ ಜೋಪಾನ." ಅಷ್ಟೇ. ಎರಡು ವರ್ಷವಾಯಿತು. ಅವಳೇ ಎಂಬತ್ತೊಂಬತ್ತನೆಯ ದಿನ ಮುಚ್ಚಳದಷ್ಟು ಬಗ್ಗಿಸಿ, ಚೆಲ್ಲಲು ಮನಸ್ಸು ಬಾರದೆ ಕಣ್ಣು ಮುಚ್ಚಿ ನುಂಗಿ, ತಾರೀಕು ತಿದ್ದುತ್ತಾ ಬಂದಿದ್ದಳು. ಬಾಟಲಿ ತಳ ಕಾಣುತ್ತಿತ್ತು.

ಬಾರು ತೆರೆಯಲು ಇನ್ನೂ ಎರಡು ಗಂಟೆ ಇರುವಾಗ ಹೊರಗೆ ಬಾರಿನ ಕಟ್ಟೆಯ ಮೇಲೆ ಯಾರೋ ಬೆರಳು ಬಡಿದರು. ಸೌಹಾನ್ ಎದ್ದು ಬಂದಳು. ಅರವತ್ತು ದಾಟಿದ ಹೆಂಗಸು. ಕೈಯಲ್ಲಿ ಬಾರಿನ ಹಳೆಯ ಕಾರ್ಡು.

"ಇದು ಕೋಟಿನ ಜೇಬಲ್ಲಿ ಸಿಕ್ತು. ಕ್ವಾನ್ ಅಂತ. ನಾನು ಅವರ ಹೆಂಡತಿ. ಬಾಟಲಿ ಇನ್ನೂ ಇದ್ರೆ ಕೊಡು ತಂಗಿ."

"ಅವರೇ ಬರಬೇಕು ಅಕ್ಕ. ಬೇರೆಯವರ ಕೈಗೆ ಕೊಡೋ ಹಾಗಿಲ್ಲ," ಎಂದಳು ಸೌಹಾನ್. ಆದರೆ ಬಾಟಲಿ ಅವಳ ಕೈಯಲ್ಲೇ ಇತ್ತು. ಆಕೆ ಕನ್ನಡಕ ಏರಿಸಿ ಚೀಟಿಯನ್ನು ಹಿಡಿದು ಓದಿದಳು. ಒಂದರ ಕೆಳಗೊಂದು ತಾರೀಕು.

"ಚೆನ್ನಾಗಿದೆ. ನಮ್ಮನೆಯವರು ಸತ್ತ ಮೇಲೂ ಏಳು ಸಲ ಬಂದು ಕುಡಿದು ಹೋಗಿದ್ದಾರೆ."

ಸೌಹಾನ್ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು. ಕೈ ಮಾತ್ರ ಅದರ ಕೊರಳಲ್ಲೇ ಉಳಿಯಿತು.

"ಯಾವಾಗ?"

"ಇಲ್ಲಿಂದ ಹೋದ ಎರಡನೇ ವಾರ. ಸ್ನಾನಕ್ಕೆ ನೀರು ಬಿಟ್ಟು ಬರ್ತೀನಿ ಅಂದವರು." ಆಕೆ ಎತ್ತರದ ಕುರ್ಚಿಯೊಂದನ್ನು ಎಳೆದು ಕಷ್ಟಪಟ್ಟು ಏರಿ ಕೂತಳು. "ಬರೋ ವಾರ ಚಿಂಗ್ ಮಿಂಗ್, ಹಿರಿಯರ ಹಬ್ಬ. ಸಮಾಧಿ ಗುಡಿಸಿ ಮೂರು ಬಟ್ಟಲು ಹುಯ್ಯಬೇಕು. ಹೋದ ವರ್ಷ ಅಂಗಡೀದು ಹುಯ್ದೆ. ಅವರದೇ ಇರುವಾಗ ಅಂಗಡೀದು ಯಾಕೆ? ಯಾರು ಕುಡಿದದ್ದು, ನೀನಾ?"

"ನಾನೇ. ಮುಟ್ಟದಿದ್ರೆ ಚೆಲ್ಲಿಬಿಡ್ತಿದ್ರು."

"ರುಚಿ ಹತ್ತಿತಾ?"

"ಇಲ್ಲ. ಪ್ರತಿ ಸಲ ಹೊಟ್ಟೆ ಉರಿ."

ಆಕೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನಾನು ಕೆಳಗೆ ಇಸ್ಪೀಟೆಲೆ ಹಿಡ್ಕೊಂಡು ಕೂತಿರ್ತಿದ್ದೆ. ಇನ್ನೊಂದಾಟ, ಇನ್ನೊಂದಾಟ ಅಂತ. ನೀವು ಮೇಲೆ ಹೋಗಿ ಕೂತ್ಕೊಳ್ಳಿ, ಬೆನ್ನ ಹಿಂದೆ ನಿಂತ್ರೆ ಅದೃಷ್ಟ ಓಡಿಹೋಗುತ್ತೆ ಅಂತ ಅಟ್ಟಿಬಿಡ್ತಿದ್ದೆ. ಏನು ಮಾಡ್ತಿದ್ರು ಇಲ್ಲಿ ಅಷ್ಟು ಹೊತ್ತು?"

"ಪದ್ಯ ಹೇಳ್ತಿದ್ರು."

"ಯಾರಿಗೆ?"

ಆಕೆ ಮೂಲೆಯ ಖಾಲಿ ಕುರ್ಚಿಯನ್ನು, ಆಮೇಲೆ ಇವಳನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಮನೆಯ ಪಾತ್ರೆಯನ್ನು ಪರರ ಅಡುಗೆಮನೆಯಲ್ಲಿ ಕಂಡಂಥ ನೋಟ.

ಸೌಹಾನ್ ಕೊರಳಿನ ಚೀಟಿ ಬಿಚ್ಚಿ, ಬಾಟಲಿಗೆ ಬಟ್ಟೆ ಸುತ್ತಿ, ಚೀಲಕ್ಕಿಟ್ಟು ಆಕೆಯ ಮುಂದೆ ಸರಿಸಿದಳು. ಹದಿನಾಲ್ಕು ವರ್ಷದಲ್ಲಿ ಕಟ್ಟಳೆ ಮುರಿದದ್ದು ಇದೇ ಮೊದಲು. ಮೂರು ಬಟ್ಟಲಿಗೆ ಸಾಲುವುದೋ ಇಲ್ಲವೋ.

"ಒಂದು ಕೇಳ್ಲಾ ಅಕ್ಕ? ಕೊನೇ ಪದ್ಯ ಪೂರ್ತಿ ಮಾಡ್ಲಿಲ್ಲ ಅವರು." ಅವಳು ತಲೆ ತಗ್ಗಿಸಿ, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲೇ ತೆಗೆದುಕೊಂಡು, ಹೇಳಿದಳು:

"ಹೊಳೆ ದಾಟಿಸಿದ ದೋಣಿ ಹಿಂದಿರುಗಿ ಹೋಯಿತು;
ದಂಡೆಯ ಜೊಂಡಿನಲಿ ಗಾಳಿಯೊಂದುಳಿಯಿತು;
ಕೂಗಿ ಕರೆಯುವೆನೆಂದರೆ ಹೆಸರ ಕೇಳಿರಲಿಲ್ಲ..."

ಆಕೆಯ ಕೈ ಚೀಲದ ಮೇಲೆ ನಿಂತುಹೋಯಿತು. ತುಟಿಗಳು ಅಲುಗಿದವು, ಒಂದು ಸಾಲಿನಷ್ಟು ಹೊತ್ತು, ಸದ್ದಿಲ್ಲದೆ. ಸೌಹಾನ್ ಆ ತುಟಿಗಳನ್ನೇ ನೋಡುತ್ತಿದ್ದಳು, ಏನೂ ತಿಳಿಯಲಿಲ್ಲ.

"ಮದುವೆಯಾದ ತಿಂಗಳಲ್ಲಿ ಹೇಳಿದ್ರು," ಎಂದಳು ಆಕೆ. "ಆಮೇಲೆ ನಾನು ಕೇಳ್ಲೂ ಇಲ್ಲ, ಅವರು ಹೇಳ್ಲೂ ಇಲ್ಲ."

"ಒಂದೇ ಸಲ ಹೇಳಿ ಅಕ್ಕ. ಬರ್ಕೊಳ್ಳಲ್ಲ. ಯಾರ ಮುಂದೂ ಆಡಲ್ಲ. ಕಿವಿಗೆ ಬಿದ್ರೆ ಸಾಕು."

ಆಕೆ ಕುರ್ಚಿಯಿಂದ ಇಳಿದು ಚೀಲವನ್ನು ಎದೆಗವಚಿಕೊಂಡಳು.

"ಮೂರು ಸಾಲು ನಿನ್ನ ಹತ್ರಾನೇ ಇರಲಿ, ತಂಗಿ. ಅದೊಂದನ್ನ ನಾನು ಹೇಳಲ್ಲ."