ಗಟ್ಟಿ ಮೊಸರು

ಗಡಿಗೆಯ ಮೊಸರಿನಲ್ಲಿ ಚಮಚ ನೆಟ್ಟಗೆ ನಿಂತಿದ್ದನ್ನು ಕಂಡು ಸವಿತಾ ಗಡಿಗೆ ಎತ್ತಿ ಮೂಸಿದಳು. ಮಗಳು ಕಾವ್ಯಾಳಿಗೆ ಹಾಲೆಂದರೆ ವಿಷ. ಹೋದ ವರ್ಷ ಒಂದು ಚೂರು ಪೇಡೆಗೇ ಉಸಿರು ಕಟ್ಟಿತ್ತು. ಅದಕ್ಕೇ ಶೇಂಗಾ ಅರೆದು, ಅದರ ಹಾಲು ಹಿಂಡಿ, ಹೆಪ್ಪಿನ ಬದಲು ಮೆಣಸಿನಕಾಯಿ ತೊಟ್ಟು ಹಾಕಿ ಅವಳಿಗೆ ಬೇರೆ ಮೊಸರು ಮಾಡುತ್ತಿದ್ದಳು. ಅದು ಒಂದು ದಿನವೂ ಹೀಗೆ ಗಟ್ಟಿಯಾಗಿರಲಿಲ್ಲ.

“ಅತ್ತಿ, ಇದಕ್ಕ ಏನರ ಹಾಕೀರೇನ್ರಿ?”

ಮೈಲಾರವ್ವನ ಮುಖ ಅರಳಿತು. “ಬರೇ ತೊಟ್ಟಿಗೆ ಮೊಸರು ಆಗತೈತೇನ ಯವ್ವಾ? ರಾತ್ರಿ ನಮ್ಮ ಎಮ್ಮಿ ಮೊಸರು ಒಂದ ಸೌಟು ಹೆಪ್ಪು ಹಾಕಿದ್ದೆ. ನೋಡ, ಹೆಂಗ ಕುಂತೈತಿ!”

ಪಡಸಾಲೆಯಿಂದ ಕಾವ್ಯಾ ಖಾಲಿ ಬಟ್ಟಲು ಹಿಡಿದು ಬಂದಳು. “ಆಯೀ, ಇನ್ನಷ್ಟ ಹಾಕ,” ಎಂದು ಅಜ್ಜಿಯನ್ನು ಕೇಳಿದಳು.

ಅವಳ ತುಟಿ ಆಗಲೇ ಊದಿತ್ತು.