ಸೆಪ್ಟೆಂಬರಿನ ಸೀಟು

"ಈ ಕೋರ್ಸ್ ಇಂಡಿಯಾದಲ್ಲೇ ಇದೆಯಲ್ಲ, ನಮ್ಮ ದೇಶಕ್ಕೆ ಯಾಕೆ ಬರಬೇಕು?"

ಅನಸೂಯಾ ತೆಂಗಿನಕಾಯಿ ತುರಿಯುತ್ತಲೇ ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಗ್ರೀಷ್ಮಾ ಇಂಗ್ಲಿಷಿನಲ್ಲಿ ಉತ್ತರ ಒಪ್ಪಿಸಿದಳು. ಕಡಲ ಕೊರೆತದ ಬಗ್ಗೆ, ಪಕ್ಕದ ತುಂಬಾ ಎಂಬ ಊರಿನ ಮೀನುಗಾರರ ಮನೆಗಳು ಪ್ರತಿ ಮಳೆಗಾಲ ನೀರುಪಾಲಾಗುವ ಬಗ್ಗೆ, ಸ್ಕಾಟ್ಲೆಂಡಿನ ಆ ವಿಶ್ವವಿದ್ಯಾಲಯದ ಪ್ರಯೋಗಾಲಯದ ಬಗ್ಗೆ.

"ಮನೆಯಲ್ಲಿ ನಿನ್ನನ್ನೇ ನಂಬಿಕೊಂಡವರು ಯಾರಾದರೂ ಇದ್ದಾರಾ?"

"ಇಲ್ಲ."

"ಗಟ್ಟಿಯಾಗಿ ಹೇಳು."

"ಇಲ್ಲ! ಸಾಕು ಅಮ್ಮಾ, ಸಾಕು."

ಜನವರಿಯ ಸೀಟು ಖಚಿತಪಡಿಸುವ ಮೊದಲು ವಿಶ್ವವಿದ್ಯಾಲಯದವರು ವಿಡಿಯೋ ಕರೆಯಲ್ಲಿ ಸಂದರ್ಶನ ಮಾಡುತ್ತಾರೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ವಿದೇಶಿ ಅರ್ಜಿಗಳನ್ನು ನೋಡಿಕೊಳ್ಳುವ ಗ್ರೇಸಿ ಮೊದಲೇ ಎಚ್ಚರಿಸಿದ್ದಳು: ಕೇಳಿದ್ದನ್ನೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ, ಉತ್ತರ ಬದಲಾದರೆ ಸೀಟು ಹೋಯಿತು. ಅಂದಿನಿಂದ ಮನೆಯಲ್ಲಿ ಅನಸೂಯಾಳೇ ಸಂದರ್ಶನದ ಆಫೀಸರ್.

ಹುಳಿಗೆ ಒಗ್ಗರಣೆ ಹಾಕಿ ಅವಳು ತಿರುಗಿದಳು. "ಈ ಕೋರ್ಸ್ ಇಂಡಿಯಾದಲ್ಲೇ ಇದೆಯಲ್ಲ, ನಮ್ಮ ದೇಶಕ್ಕೆ ಯಾಕೆ ಬರಬೇಕು?"

ಗ್ರೀಷ್ಮಾ ನಕ್ಕಳು. "ಸಿಕ್ಕಿಹಾಕಿಸೋಕೆ ನೋಡ್ತೀಯಾ? ನಾನು ಬೀಳಲ್ಲ." ಅದೇ ಉತ್ತರವನ್ನು ಚಾಚೂ ತಪ್ಪದೆ ಹೇಳಿದಳು. ಅನಸೂಯಾಳೂ ನಕ್ಕಳು, ಕೊಂಚ ತಡವಾಗಿ.

"ಊಟ ಮಾಡೋಕಾದ್ರೂ ಬಿಡೇ ಅವಳನ್ನ," ಎಂದ ಗಂಡ ರಾಮದಾಸ. ಮೈಸೂರಿನಿಂದ ತಿರುವನಂತಪುರಕ್ಕೆ ಬಂದು ಬಾಹ್ಯಾಕಾಶ ಕೇಂದ್ರದ ಕೆಲಸದಲ್ಲೇ ತಲೆ ನರೆತವನು. "ನಿನ್ನಿಂದ ತಪ್ಪಿಸಿಕೊಳ್ಳೋಕೆ ಸ್ಕಾಟ್ಲೆಂಡಿಗೇ ಓಡಬೇಕು, ಪಾಪ."

ಹೆಂಡತಿಯ ಹಟ ಅವನಿಗೆ ಅರ್ಥವಾಗದ್ದೇನಲ್ಲ. ಕೊಚ್ಚಿಯಲ್ಲಿದ್ದಾಗ ಅವಳು ಕಳಮಶ್ಶೇರಿಯ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದಳು. ಅವಳ ತಾಯಿ ಕುಸುಮಾವತಿ ಕಾಯಿಲೆ ಬಿದ್ದಾಗ ಕೆಲಸ ಬಿಟ್ಟಳು. ಸ್ನಾನ, ತುತ್ತು, ಬಟ್ಟೆ ಎಲ್ಲ ಇವಳದೇ. ಕೊನೆಕೊನೆಗೆ ಆ ತಾಯಿ ಮಗಳನ್ನೇ ಕೆಲಸದವಳಂತೆ ಗದರುತ್ತಿದ್ದಳು. ಎಲ್ಲ ಮುಗಿಯುವ ಹೊತ್ತಿಗೆ ಅನಸೂಯಾಳಿಗೆ ಮತ್ತೆ ಕೆಲಸ ಕೊಡುವವರಿರಲಿಲ್ಲ. ತಾನು ಬಿಟ್ಟುಕೊಟ್ಟದ್ದನ್ನು ಮಗಳ ಮೂಲಕ ಪಡೆಯುತ್ತಿದ್ದಾಳೆ ಎಂದು ರಾಮದಾಸ ಸುಮ್ಮನಿದ್ದ.

ಸುಮ್ಮನಿರಲಾಗದಂತೆ ಮಾಡಿದ್ದು ಕೊಚ್ಚಿಯ ಪ್ರಯಾಣ.

ವೀಸಾಕ್ಕೆ ಬೇಕಾದ ಕ್ಷಯದ ಪರೀಕ್ಷೆಗೆ ತಾಯಿ ಮಗಳು ಇಬ್ಬರೂ ರೈಲಿನಲ್ಲಿ ಹೋಗಿದ್ದರು. ಗ್ರೀಷ್ಮಾ ಎಕ್ಸ್‌ರೇಗೆ ಸರತಿಯಲ್ಲಿ ಕೂತಾಗ ಅನಸೂಯಾ ಎದ್ದಳು. "ಕಳಮಶ್ಶೇರಿಗೆ ಹೋಗಿ ಮಂದಾಕಿನಿಯನ್ನು ನೋಡ್ಕೊಂಡು ಬರ್ತೀನಿ." ಮಂದಾಕಿನಿ ಅವಳ ಹಳೆಯ ಸಹೋದ್ಯೋಗಿ. ಹೋದವಳು ಮರಳಿದ್ದು ಮಧ್ಯಾಹ್ನ ಕಳೆದ ಮೇಲೆ. ರೈಲಿನಲ್ಲಿ ಮಂದಾಕಿನಿಯ ಬಗ್ಗೆ ಕೇಳಿದರೆ ಮಾತು ಮರೆಸಿದಳು.

ಮರುವಾರ ಗ್ರೀಷ್ಮಾ ಮಂದಾಕಿನಿಗೆ ಫೋನ್ ಮಾಡಿದಳು. ಆಕೆ ಬೇಸಿಗೆಯಿಂದಲೂ ಪುಣೆಯಲ್ಲಿದ್ದಾರೆ.

ಆ ಸಂಜೆ ಅಪ್ಪ ಮಗಳು ಇಬ್ಬರೂ ಅನಸೂಯಾಳ ಎದುರು ಕೂತರು.

"ಎಲ್ಲಿ ಹೋಗಿದ್ದೆ?" ಎಂದ ರಾಮದಾಸ.

"ಅಮ್ಮಾ, ಮನೆಯಲ್ಲಿ ಏನಾದ್ರೂ ತೊಂದರೆ ಇದ್ರೆ ಹೇಳ್ಬಿಡು," ಎಂದಳು ಗ್ರೀಷ್ಮಾ. "ನಾನು ಹೋಗಲ್ಲ. ಇವತ್ತೇ ಗ್ರೇಸಿ ಅಕ್ಕನಿಗೆ ಹೇಳಿ ಅರ್ಜಿ ವಾಪಸ್ ತಗೋತೀನಿ. ಅಪ್ಪನಿಗಿಂತ, ಸ್ಕಾಟ್ಲೆಂಡಿಗಿಂತ ನೀನು ಹೆಚ್ಚು."

"ನನ್ನನ್ನು ಯಾಕೆ ಎಳೀತೀಯಾ ಮಧ್ಯೆ?" ಎಂದ ರಾಮದಾಸ. ಯಾರೂ ನಗಲಿಲ್ಲ.

ಅನಸೂಯಾ ಮಗಳ ಮುಖವನ್ನೇ ನೋಡಿದಳು. ನಿಜಕ್ಕೂ ವಾಪಸ್ ತೆಗೆದುಕೊಳ್ಳುವ ಹುಡುಗಿ.

"ಗ್ರೇಸಿ ಹತ್ತಿರ ಹೋಗಿದ್ದೆ," ಎಂದಳು. "ಜನವರಿ ಸೀಟು ಬೇಡ, ಸೆಪ್ಟೆಂಬರಿಗೇ ಕೊಡಿಸಿ ಅಂದೆ. ನಿಮಗೆ ಹೇಳಿದ್ರೆ ಬೇಡ ಅಂತೀರಿ ಅಂತ ಮುಚ್ಚಿಟ್ಟೆ."

ಗ್ರೇಸಿಗೆ ಫೋನ್ ಹೋಯಿತು. ಹೌದು, ಅನಸೂಯಾ ಅಕ್ಕ ಕೇಳಿದ್ದು ನಿಜ, ಸೆಪ್ಟೆಂಬರಿಗೆ ಒಂದು ಸೀಟು ಉಳಿದಿದೆ, ಸಂದರ್ಶನ ಬೇಗ ಆಗಬೇಕು ಅಷ್ಟೇ.

"ನನ್ನನ್ನು ಸಾಗಹಾಕೋಕೆ ಇಷ್ಟು ಅವಸರವಾ ನಿನಗೆ?" ಗ್ರೀಷ್ಮಾಳ ದನಿ ಒಡೆಯಿತು.

"ಹೌದು. ಹೋಗು."

"ಎಂಥ ಹೆಂಗಸೇ ನೀನು," ಎಂದು ರಾಮದಾಸ ಎದ್ದು ಹೊರಗೆ ಹೋದ.

ಮಗಳು ಮುನಿಸಿನಲ್ಲೇ ಒಪ್ಪಿದಳು. ಮುನಿಸಿನಲ್ಲೇ ತಾಲೀಮು ನಡೆಯಿತು. ಅನಸೂಯಾ ಕೇಳಿದ್ದನ್ನೇ ಕೇಳಿದಳು, ಬಟ್ಟೆ ಒಣಹಾಕುವಾಗ, ಊಟಕ್ಕೆ ಬಡಿಸುವಾಗ, ಕೆಲವೊಮ್ಮೆ ಉತ್ತರ ಮುಗಿಯುತ್ತಿದ್ದಂತೆಯೇ. ಗ್ರೀಷ್ಮಾ ಹಲ್ಲು ಕಚ್ಚಿ ಅದದೇ ಉತ್ತರ ಕೊಟ್ಟಳು.

ಸಂದರ್ಶನದ ದಿನ ಅವಳು ಕೋಣೆಯಿಂದ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು.

"ಪಾಸಾದೆ ಅನ್ಸುತ್ತೆ! ಆ ಹೆಂಗಸು 'ಯಾಕೆ ಇಂಡಿಯಾದಲ್ಲಿ ಓದಲ್ಲ' ಅಂತ ಎರಡು ಸಲ ಕೇಳಿದ್ಲು. ನಾನು ಕಣ್ಣು ಮಿಟುಕಿಸದೆ ಒಂದೇ ಉತ್ತರ ಕೊಟ್ಟೆ. ನಿನ್ನ ಮುಂದೆ ಅವಳೇನೂ ಅಲ್ಲ ಅಮ್ಮಾ!"

ವಾರ ಕಳೆಯುವುದರೊಳಗೆ ಸೆಪ್ಟೆಂಬರಿನ ಸೀಟು ಖಚಿತವಾಯಿತು. ರಾಮದಾಸ ಬೇಕರಿಯಿಂದ ಹಲ್ವಾ ತಂದ. "ಇನ್ನು ತಾಲೀಮು ಬಂದ್," ಎಂದು ಹೆಂಡತಿಯ ಬಾಯಿಗೇ ಮೊದಲ ತುಂಡಿಟ್ಟ. "ಆಫೀಸರಮ್ಮನಿಗೆ ರಿಟೈರ್‌ಮೆಂಟ್."

ಅನಸೂಯಾ ಕೈ ತೊಳೆಯಲು ಅಡುಗೆಮನೆಗೆ ಹೋದಳು. ಗ್ರೇಸಿಯ ಹತ್ತಿರ ಅವಳು ಹೋಗಿರಲಿಲ್ಲ, ಮಾಡಿದ್ದು ಒಂದು ಫೋನ್ ಮಾತ್ರ. ಅಂದು ಕೊಚ್ಚಿಯಲ್ಲಿ ಅಷ್ಟು ಹೊತ್ತೂ ಕೂತಿದ್ದದ್ದು ಮಿದುಳಿನ ವೈದ್ಯೆಯೊಬ್ಬಳ ಎದುರು. ತಿರುವನಂತಪುರದ ಆಸ್ಪತ್ರೆಗಳಲ್ಲಾದರೆ ಗಂಡನ ಆಫೀಸಿನವರು ಯಾರಾದರೂ ಕಾಣಸಿಗುತ್ತಾರೆ. ಕುಸುಮಾವತಿಗೆ ಬಂದಿದ್ದ ಮರೆವಿನ ಕಾಯಿಲೆಯ ಹೆಸರನ್ನೇ ವೈದ್ಯೆ ಹೇಳಿದ್ದಳು, ಮುಂದಿನ ಸಲ ಮಗಳನ್ನು ಕರೆದುಕೊಂಡು ಬನ್ನಿ ಎಂದಿದ್ದಳು.

ಮಗಳನ್ನು ಸಿಕ್ಕಿಹಾಕಿಸಲೆಂದು ಅನಸೂಯಾ ಯಾವ ಪ್ರಶ್ನೆಯನ್ನೂ ಎರಡನೇ ಸಲ ಕೇಳಿರಲಿಲ್ಲ. ಪ್ರತಿ ಸಲವೂ ಅದು ಅವಳಿಗೆ ಮೊದಲನೆಯದೇ ಆಗಿತ್ತು. ಇನ್ನು ತಾಲೀಮಿನ ಮರೆಯೂ ಇಲ್ಲ, ಗ್ರೀಷ್ಮಾ ವಿಮಾನ ಹತ್ತುವವರೆಗೆ ಈ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಬಾರದೆಂದು ಅವಳು ತೀರ್ಮಾನಿಸಿದಳು.